ಹೋದ ಗುರುವಾರ ಅತ್ತವಳು

ಇಂಥ ಸಂಗತಿಗಳನ್ನು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ನಮ್ಮ ಚಿಕ್ಕಮ್ಮ ಒಬ್ಬರಿದ್ದಾರೆ, ಕರೆಂಟು ಹೋದರೂ ಅದನ್ನು ದೇವರ ಮೇಲೋ ದೆವ್ವದ ಮೇಲೋ ಹಾಕುವವರು. ಅವರು ಬಾಯಿ ತೆರೆದರೆ ನಾನು ಎದ್ದು ಹೋಗುತ್ತಿದ್ದೆ. ಬಿಎಸ್ಸಿ ಓದಿದ್ದೇನೆಂಬ ಜಂಬವೂ ಇತ್ತು ಅನ್ನಿ. ಈಗ ನಾನೇ ಇದನ್ನು ಬರೆಯಲು ಕೂತಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ, ನಿಮ್ಮ ಜಾಗದಲ್ಲಿ ನಾನಿದ್ದರೂ ನಗುತ್ತಿದ್ದೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಂಬಿ ಎಂದು ಒತ್ತಾಯಿಸುವುದಿಲ್ಲ.

ಎಂಟು ವರ್ಷದ ಹಿಂದಿನ ಮಾತು. ನಮ್ಮದು ಜಂಗಮಕೋಟೆ. ಅಪ್ಪ ಶಿಡ್ಲಘಟ್ಟದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು, ಅಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಡಿಗ್ರಿ ಮುಗಿದ ಮೇಲೆ ನಾನು ಬಿ.ಎಡ್ ಮಾಡಿ ಟೀಚರ್ ಆಗಬೇಕು ಎಂಬುದು ಅಪ್ಪನ ತೀರ್ಮಾನ. ನನಗೆ ಮೆಡಿಕಲ್ ರೆಪ್ ಆಗುವ ಆಸೆ. ಔಷಧಿ ಕಂಪನಿಯ ಬ್ಯಾಗು ಹಿಡಿದು ಡಾಕ್ಟರುಗಳನ್ನು ಕಂಡು, ನಮ್ಮ ಮಾತ್ರೆ ಬರೆಯಿರಿ ಎಂದು ಒಪ್ಪಿಸುವ ಕೆಲಸ. ಈ ಹುಚ್ಚು ಹತ್ತಿದ್ದು ಹೇಗೆಂದರೆ, ಒಮ್ಮೆ ಅಜ್ಜಿಯನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಎರಡು ಗಂಟೆ ಬೆಂಚಿನ ಮೇಲೆ ಕಾದಿದ್ದೆ. ಶೂ ಪಾಲಿಶ್ ಮಾಡಿಕೊಂಡ ಒಬ್ಬ ಬಂದ, ನಮ್ಮೆಲ್ಲರನ್ನೂ ದಾಟಿ ಸೀದಾ ಒಳಗೆ ಹೋದ. ಒಳಗಿನಿಂದ ಡಾಕ್ಟರು ನಗುವುದು ಕೇಳಿಸಿತು. ನಮ್ಮನ್ನು ಕಂಡರೆ ಗದರುತ್ತಿದ್ದ ಅದೇ ಡಾಕ್ಟರು! ನಾನೂ ಹಾಗೆ ಸೀದಾ ಒಳಗೆ ಹೋಗುವವಳಾಗಬೇಕು ಎಂದು ಅವತ್ತೇ ತೀರ್ಮಾನಿಸಿದೆ. ರೆಪ್‌ಗಳು ಆ ಬಾಗಿಲಲ್ಲಿ ರೋಗಿಗಳಿಗಿಂತ ಹೆಚ್ಚು ಕಾಯುತ್ತಾರೆ ಎಂಬುದು ಆಮೇಲೆ ಗೊತ್ತಾಯಿತು, ಬಿಡಿ.

ನಾಲ್ಕು ಇಂಟರ್‌ವ್ಯೂಗಳಿಗೆ ಹೋಗಿ ಬಂದೆ. ಎಲ್ಲ ಕಡೆಯೂ ಒಂದೇ ರಾಗ. ಒಬ್ಬರು ಜೇಬಿನಿಂದ ಪೆನ್ನು ತೆಗೆದು, ಇದನ್ನು ನನಗೆ ಮಾರಿ ನೋಡೋಣ ಎಂದರು. ಮಾರಿದೆ. ಚೆನ್ನಾಗಿ ಮಾತಾಡುತ್ತೀಯ ಎಂದು ಹೊಗಳಿದರು. ಆಮೇಲೆ, "ಹುಡುಗೀರಿಗೆ ಈ ಕಡೆ ಫೀಲ್ಡ್ ಕಷ್ಟ ಕಣಮ್ಮ, ಬಸ್ಸಲ್ಲಿ ಊರೂರು ಅಲೀಬೇಕು. ಆಫೀಸ್ ಕೆಲಸ ಏನಾದ್ರೂ ಇದ್ರೆ ಹೇಳ್ತೀವಿ" ಎಂದು ಕಳಿಸಿದರು. ಇವತ್ತಿನವರೆಗೂ ಹೇಳಿಲ್ಲ. ಅಪ್ಪ ಜಗಳವಾಡಲಿಲ್ಲ. ಬಿ.ಎಡ್ ಅರ್ಜಿ ತಂದು, ತಾವೇ ತುಂಬಿ, ನನ್ನ ಫೋಟೋ ಅಂಟಿಸಿ ಟಿವಿಯ ಪಕ್ಕ ಇಟ್ಟರು. "ಶನಿವಾರ ಕೊನೇ ದಿನ. ಅಷ್ಟರೊಳಗೆ ನಿನ್ನ ಕೆಲಸ ಬಂದ್ರೆ ಬರ್ಲಿ, ಇಲ್ದಿದ್ರೆ ಇದಕ್ಕೆ ಸೈನ್ ಹಾಕು" ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ನನಗೆ ಸಿಟ್ಟು ಬಂದದ್ದೂ ಅದಕ್ಕೇ.

ಐದನೆಯ ಇಂಟರ್‌ವ್ಯೂ ಅದೇ ವಾರದ ಬುಧವಾರ, ಚಿಕ್ಕಬಳ್ಳಾಪುರದ ಒಂದು ಹೋಟೆಲಿನ ಮಹಡಿಯಲ್ಲಿ. ಏರಿಯಾ ಮ್ಯಾನೇಜರ್ ಎಂದರೆ ಸೂಟು ಬೂಟಿನವರು ಎಂದುಕೊಂಡಿದ್ದೆ. ಇವರು ತಟ್ಟೆ ಇಡ್ಲಿ ತಿನ್ನುತ್ತಲೇ ನನ್ನ ಅಂಕಪಟ್ಟಿ ನೋಡಿದರು. "ನೋಡಮ್ಮ, ಬಾಯಿ ಮಾತಲ್ಲಿ ಎಲ್ರೂ ಗೆಲ್ತಾರೆ. ನಾಳೆ ಚಿಂತಾಮಣಿಗೆ ಹೋಗು. ಬ್ಯಾಗಿಲ್ಲ, ಕಾರ್ಡಿಲ್ಲ, ಕಂಪನಿ ಹೆಸರೂ ಹೇಳಂಗಿಲ್ಲ. ನಾಲ್ಕು ಜನ ಡಾಕ್ಟರನ್ನ ನೋಡು. ಕೆಮ್ಮಿಗೆ ಏನು ಬರೀತಾರೆ ಕೇಳ್ಕೊಂಡು, ಕೆಳಗೆ ಅವರ ಸೈನು ಸೀಲು ಹಾಕಿಸ್ಕೊಂಡು ಶುಕ್ರವಾರ ಬಾ. ನಾಲ್ಕು ತಂದ್ರೆ ಕೆಲಸ ನಿಂದು" ಎಂದರು. ಹುಡುಗಿ ಎಂಬ ಮಾತೇ ಅವರ ಬಾಯಲ್ಲಿ ಬರಲಿಲ್ಲ. ಅಷ್ಟಕ್ಕೇ ನನಗೆ ರೆಕ್ಕೆ ಬಂದಂತಾಯಿತು.

ಗುರುವಾರ ಬೆಳಿಗ್ಗೆ ಚಿಂತಾಮಣಿಯಲ್ಲಿ ಇಳಿದೆ. ಅದಕ್ಕೂ ಮೊದಲು ಆ ಊರಿಗೆ ಒಂದೋ ಎರಡೋ ಸಲ ಹೋಗಿದ್ದೆ, ಅದೂ ಚಿಕ್ಕವಳಿದ್ದಾಗ, ಯಾರದೋ ಮದುವೆಗೆ. ಬಸ್ ಸ್ಟ್ಯಾಂಡಿನ ಹತ್ತಿರದ ಮೊದಲ ಕ್ಲಿನಿಕ್ಕಿನಲ್ಲಿ ಎರಡು ಗಂಟೆ ನಿಲ್ಲಿಸಿದರು. ಡಾಕ್ಟರು ನನ್ನ ಮುಖ ನೋಡದೆ, ಮಾತು ಮುಗಿಸಲು ಬಿಡದೆ ಸೈನ್ ಹಾಕಿ ಕಳಿಸಿದರು. ಎರಡನೆಯವರು ಒಳಗಿನಿಂದಲೇ ಕೈಯಾಡಿಸಿ ಆಗಲ್ಲ ಎಂದರು. ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಟೊಮೇಟೊ ಲಾರಿಗಳ ನಡುವೆ ನುಗ್ಗಿಕೊಂಡು ನಡೆಯುತ್ತಾ, ಶನಿವಾರಕ್ಕೆ ಉಳಿದ ಗಂಟೆಗಳನ್ನು ಲೆಕ್ಕ ಹಾಕುತ್ತಿದ್ದೆ. ಇಲ್ಲಿಯವರೆಗೆ ವಿಚಿತ್ರವೇನೂ ಇಲ್ಲ, ಕೆಲಸ ಹುಡುಕುವ ಎಲ್ಲರ ಪಾಡೂ ಇದೇ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಒಂದು ಸಣ್ಣ ನರ್ಸಿಂಗ್ ಹೋಮಿನ ಮೆಟ್ಟಿಲು ಹತ್ತಿದೆ. ಬಾಗಿಲಲ್ಲಿ ಕೂತಿದ್ದ ವಯಸ್ಸಾದ ಆಯಾ ನನ್ನನ್ನು ಕಂಡು ಮುಖ ಅರಳಿಸಿ, "ಏಮ್ಮಾ, ಮಳ್ಳೀ ವಚ್ಚಿನಾವಾ?" ಎಂದಳು, ಮತ್ತೆ ಬಂದೆಯಾ ಎಂದು. ಆಮೇಲೆ ಕನ್ನಡಕ್ಕೆ ಹೊರಳಿ, "ಬ್ಯಾಗೆಲ್ಲಮ್ಮಾ? ಕೆಲ್ಸ ಬಿಡ್ತೀನಿ ಅಂತಿದ್ದೆ, ನಿಜವಾಗ್ಲೂ ಬಿಟ್ಬಿಟ್ಯಾ?" ಎಂದು ಕೇಳಿದಳು. ನನ್ನಂತೆ ಕಾಣುವ ಯಾರೋ ರೆಪ್ ಹುಡುಗಿ ಇಲ್ಲಿಗೆ ಬರುತ್ತಿರಬೇಕು ಎಂದುಕೊಂಡೆ. ಉದ್ದ ಜಡೆ, ನೀಲಿ ಚೂಡಿದಾರ್, ನನ್ನಂಥವರು ಜಿಲ್ಲೆಯಲ್ಲಿ ಸಾವಿರ ಇದ್ದಾರೆ. ನಾನು ಅವಳಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಯಾಕೆಂದರೆ ಆಯಾ ಆಗಲೇ ಬೆಂಚಿನ ಮೇಲಿದ್ದವರನ್ನೆಲ್ಲ ಸರಿಸಿ ನನ್ನನ್ನು ಸೀದಾ ಒಳಗೆ ಬಿಟ್ಟಿದ್ದಳು. ಡಾಕ್ಟರೂ ಪರಿಚಯದವರಂತೆ ನಕ್ಕು ಸೈನ್ ಹಾಕಿದರು. ಹೊರಡುವಾಗ, "ಎಲ್ಲಿಗೆ ಹೋದ್ರೂ ಚೆನ್ನಾಗಿರಿ" ಎಂದರು. ಬೇರೆ ಯಾರಿಗೋ ಸೇರಬೇಕಾದ ಬೀಳ್ಕೊಡುಗೆಯನ್ನು ನಾನು ಥ್ಯಾಂಕ್ಸ್ ಹೇಳಿ ತೆಗೆದುಕೊಂಡೆ. ನಾಚಿಕೆಯಾಯಿತು, ಆದರೆ ಸೈನು ಎರಡಾಗಿತ್ತು.

ಅದೇ ರಸ್ತೆಯಲ್ಲಿ ನಾಲ್ಕು ಅಂಗಡಿ ದಾಟುವಷ್ಟರಲ್ಲಿ ಒಬ್ಬ ಮೆಡಿಕಲ್ ಸ್ಟೋರಿನ ಯಜಮಾನರು ಕೌಂಟರಿನಿಂದಲೇ ಕೂಗಿದರು. "ಬನ್ನಿ ಮೇಡಂ, ಟೀ ತರಿಸ್ತೀನಿ. ಮೇಲೆ ಡಾಕ್ಟ್ರು ಖಾಲಿ ಕೂತಿದಾರೆ, ನೋಡ್ಕೊಂಡ್ ಹೋಗಿ. ಇದೇ ಲಾಸ್ಟ್ ಅಂತ ಹೇಳಿ ಹೋದ್ರಿ, ನೋಡಿದ್ರೆ ವಾರಕ್ಕೇ ಬಂದ್ರಿ." ಈ ಸಲ ನನಗೆ ತಡೆಯಲಾಗಲಿಲ್ಲ. "ಸರ್, ನನ್ನನ್ನ ಯಾರು ಅಂದ್ಕೊಂಡಿದೀರಾ?" ಎಂದೆ. ಅವರು ತಮಾಷೆ ಎಂದುಕೊಂಡು ನಕ್ಕರು. ನಕ್ಕು, ನನ್ನ ಹೆಸರು ಹೇಳಿದರು. ಶಾಲೆಯಲ್ಲಿ ಬರೆಸಿದ ಹೆಸರು, ಇನಿಷಿಯಲ್ ಸಮೇತ.

ನಾನು ಅಲ್ಲಿಂದ ಓಡಿಹೋಗಿ ಬಸ್ಸು ಹತ್ತಬೇಕಿತ್ತು, ಅಲ್ಲವೇ? ನೀವಾಗಿದ್ದರೆ ಅದನ್ನೇ ಮಾಡುತ್ತಿದ್ದಿರಿ. ನಾನು ಮಹಡಿ ಹತ್ತಿ ಮೂರನೆಯ ಸೈನು ಹಾಕಿಸಿಕೊಂಡೆ. ಕಾಗದ ಚಾಚಿದಾಗ ಡಾಕ್ಟರು ನನ್ನ ಮುಖ ನೋಡಿ ಜ್ವರವೇನಮ್ಮಾ ಎಂದು ಕೇಳಿದರು. ಹೆದರಿಕೆ ಒಂದು ಕಡೆ, ಶನಿವಾರ ಇನ್ನೊಂದು ಕಡೆ. ನನಗೆ ಶನಿವಾರವೇ ದೊಡ್ಡದಾಗಿ ಕಂಡಿತು. ಇನ್ನೊಂದೇ ಒಂದು ಸೈನು ಬೇಕಿತ್ತು.

ನಾಲ್ಕನೆಯದಕ್ಕೆ ಹೋದದ್ದು ಒಬ್ಬ ವಯಸ್ಸಾದ ಡಾಕ್ಟ್ರಮ್ಮನ ಹತ್ತಿರ. ಹಳೆಯ ಮನೆಯ ಮುಂದಿನ ಕೋಣೆಯೇ ಅವರ ಕ್ಲಿನಿಕ್ಕು. ಮಧ್ಯಾಹ್ನವಾದ್ದರಿಂದ ಯಾರೂ ಇರಲಿಲ್ಲ. ಹತ್ತಿಯ ಸೀರೆ, ದಪ್ಪ ಗಾಜಿನ ಕನ್ನಡಕ. ನಾನು ಬಾಗಿಲಲ್ಲಿ ನಿಂತ ತಕ್ಷಣ, "ಬಂದ್ಯಾ? ಬರ್ತೀಯ ಅಂತ ಗೊತ್ತಿತ್ತು. ಇಷ್ಟು ಬೇಗ ಅಂತ ಗೊತ್ತಿರ್ಲಿಲ್ಲ" ಎಂದರು. ನಾನು ಇದ್ದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ನೀವು ಅಂದುಕೊಂಡಿರುವವಳು ನಾನಲ್ಲ, ನಾನಿನ್ನೂ ಕೆಲಸಕ್ಕೇ ಸೇರಿಲ್ಲ, ಇವತ್ತೇ ಮೊದಲ ಸಲ ಬರುತ್ತಿರುವುದು, ಈ ಕಾಗದಕ್ಕೆ ನಿಮ್ಮದೊಂದು ಸೈನು ಬಿದ್ದರೆ ನನಗೆ ಕೆಲಸ ಸಿಗುತ್ತದೆ ಎಂದು.

ಅವರು ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು. ಅಯ್ಯೋ ತಪ್ಪಾಯಿತು ಎನ್ನುತ್ತಾರೆ ಎಂದು ಕಾದೆ. ಅವರು ನನ್ನ ಹೆಸರು ಹೇಳಿದರು. "ಜಂಗಮಕೋಟೆ ತಾನೆ? ಅಪ್ಪ ಶಿಡ್ಲಘಟ್ಟದಲ್ಲಿ ಗುಮಾಸ್ತರು ತಾನೆ?" ಎಂದರು. ನಾನು ತಲೆಯಾಡಿಸಿದೆ. "ಹೋದ ಗುರುವಾರ ಇದೇ ಹೊತ್ತಿಗೆ ಇಲ್ಲೇ ಕೂತು ಅತ್ತೆ ಕಣಮ್ಮ. ಎರಡು ಲೋಟ ನೀರು ಕುಡಿದೆ. ಮತ್ತೆ ಬಂದ್ರೆ, ನಾನೆಷ್ಟು ಬೇಡ್ಕೊಂಡ್ರೂ ನಂಗೆ ಸಹಾಯ ಮಾಡ್ಬೇಡಿ ಮೇಡಂ ಅಂತ ಕೈ ಮುಗಿದೆ. ಮಾಡಲ್ಲ ಅಂತ ಮಾತು ಕೊಟ್ಟಿದೀನಿ. ಈಗ ಹೆಂಗೆ ಸೈನ್ ಹಾಕ್ಲಿ?"

"ನಾನು ಯಾಕೆ ಅತ್ತೆ ಮೇಡಂ?" ಎಂದು ಕೇಳಿದೆ. ಎಂಥ ಪ್ರಶ್ನೆ ನೋಡಿ. ಆದರೆ ಆ ಕ್ಷಣದಲ್ಲಿ ನನಗೆ ಬೇರೇನೂ ತೋಚಲಿಲ್ಲ.

"ಅದನ್ನ ನೀನು ಹೇಳ್ಲಿಲ್ಲ. ಕೇಳಬಾರ್ದು ಅನ್ನಿಸ್ತು, ನಾನೂ ಕೇಳ್ಲಿಲ್ಲ" ಎಂದರು. ಅಷ್ಟರಲ್ಲಿ ಯಾರೋ ಅಳುವ ಮಗುವನ್ನೆತ್ತಿಕೊಂಡು ಬಂದರು. ಡಾಕ್ಟ್ರಮ್ಮ ಕಾಗದವನ್ನು ನನ್ನ ಕೈಗೆ ವಾಪಸು ಕೊಟ್ಟು ಮಗುವಿನ ಕಡೆ ತಿರುಗಿದರು.

ಬಸ್ಸಿನಲ್ಲಿ ಕೂತು ಹೋದ ಗುರುವಾರವನ್ನು ನೆನೆಸಿಕೊಂಡೆ. ನೆನೆಸಿಕೊಳ್ಳುವುದೇನು ಬಂತು, ಅದನ್ನು ಮರೆಯುವಂತೆಯೇ ಇರಲಿಲ್ಲ. ಅವತ್ತು ನಮ್ಮ ಮನೆಯಲ್ಲಿ ಹುಳ ಹಣ್ಣಾಗಿದ್ದವು. ಹಣ್ಣಾದ ಹುಳವನ್ನು ಆರಿಸಿ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡುವ ದಿನ, ಗೂಡು ಕಟ್ಟಲಿ ಎಂದು. ಆ ದಿನ ಮನೆಯಲ್ಲಿ ಒಬ್ಬರಿಗೂ ಪುರುಸೊತ್ತು ಇರುವುದಿಲ್ಲ, ಅಪ್ಪ ಕೂಡ ರಜೆ ಹಾಕಿದ್ದರು. ಬೆಳಗಿನಿಂದ ಸಂಜೆಯವರೆಗೆ ಅಮ್ಮನ ಪಕ್ಕದಲ್ಲೇ ಕೂತು ನಾನು ಹುಳ ಆರಿಸಿದ್ದೇನೆ. ಚಿಂತಾಮಣಿಗೆ ಹೋಗಿ ಅಳಲು ನನಗೆ ಎಲ್ಲಿಯ ಸಮಯ? ಮನೆಗೆ ಹೋಗಿ, ಹೋದ ಗುರುವಾರ ನಾನೆಲ್ಲಿದ್ದೆ ಎಂದು ಅಮ್ಮನನ್ನು ಕೇಳಿದೆ. "ಯಾಕೇ, ಬಿಸಿಲು ಹತ್ತಿತೇನೇ? ಊಟಕ್ಕೂ ಏಳ್ದೆ ಇಲ್ಲೇ ಇದ್ಯಲ್ಲೇ" ಎಂದು ಹಣೆ ಮುಟ್ಟಿ ನೋಡಿದರು.

ಶುಕ್ರವಾರ ಮೂರೇ ಸೈನು ಹಿಡಿದುಕೊಂಡು ಚಿಕ್ಕಬಳ್ಳಾಪುರಕ್ಕೆ ಹೋದೆ. ನಾಲ್ಕನೆಯದು ಎಲ್ಲಿ ಎಂದು ಮ್ಯಾನೇಜರ್ ಕೇಳಿದರು. "ಒಬ್ರು ಡಾಕ್ಟ್ರಮ್ಮ ಹಾಕಲ್ಲ ಅಂದ್ರು ಸರ್. ಈ ಕೆಲಸ ನನಗೆ ಬೇಡ ಅನ್ನೋದು ಅವರ ಅಭಿಪ್ರಾಯ" ಎಂದೆ. ಅವರು ಟೇಬಲ್ ಕುಟ್ಟಿ ನಕ್ಕರು. "ನಮ್ಮಮ್ಮನೂ ನಂಗೆ ಹಂಗೇ ಹೇಳಿದ್ಲು! ನಿನಗಿಂತ ಮುಂಚೆ ಬಂದ ಹುಡುಗ ನಾಲ್ಕು ತಂದಿದ್ದ. ಅದ್ರಲ್ಲಿ ಒಂದು ಸೀಲಲ್ಲಿರೋ ಡಾಕ್ಟ್ರು ಊರು ಬಿಟ್ಟು ಎರಡು ವರ್ಷ ಆಯ್ತು. ಮೂರೇ ಸಾಕು, ಬಾ" ಎಂದರು. ಮನೆಯಲ್ಲಿ ಅಪ್ಪ ಟಿವಿಯ ಪಕ್ಕದ ಅರ್ಜಿಯನ್ನು ತೆಗೆದಿಟ್ಟರು. ನನಗೆ ಕುಣಿದಾಡುವಷ್ಟು ಸಂತೋಷವಾಗಬೇಕಿತ್ತು. ಆಯಿತು ಕೂಡ, ಆದರೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಟ್ರೈನಿಂಗ್ ಮುಗಿಸಿ, ಬ್ಯಾಗು ಹಿಡಿದು, ಒಂದೂವರೆ ತಿಂಗಳಿಗೆ ಮತ್ತೆ ಚಿಂತಾಮಣಿಗೆ ಹೋದೆ. ಎಲ್ಲರೂ ನನ್ನನ್ನು ಗುರುತು ಹಿಡಿಯುತ್ತಾರೆ, ಆಗ ಕೂತು ವಿಚಾರಿಸೋಣ ಎಂದುಕೊಂಡಿದ್ದೆ. ಮೆಡಿಕಲ್ ಸ್ಟೋರಿನ ಯಜಮಾನರು ನನ್ನ ಕಾರ್ಡು ನೋಡಿ, "ಹೊಸಬ್ರಾ ಮೇಡಂ? ಈ ರೂಟಲ್ಲಿ ಲೇಡಿ ರೆಪ್ ಅಂದ್ರೆ ನೀವೇ ಫಸ್ಟು" ಎಂದರು. ಡಾಕ್ಟ್ರಮ್ಮ, "ಯಾವೂರಮ್ಮ ನಿಂದು?" ಎಂದು ಕೇಳಿದರು. ಜಂಗಮಕೋಟೆ ಎಂದೆ. ಹೌದಾ, ಅಲ್ಲಿ ರೇಷ್ಮೆ ಜಾಸ್ತಿ ಅಲ್ಲವೇ ಎಂದರು, ಅಷ್ಟೇ. ಅವರು ನಾಟಕವಾಡುತ್ತಿರಲಿಲ್ಲ. ದಿನಕ್ಕೆ ಹತ್ತಾರು ಡಾಕ್ಟರುಗಳ ಮುಖ ಓದುವುದೇ ನನ್ನ ಹೊಟ್ಟೆಪಾಡು, ಅಷ್ಟು ಗೊತ್ತಾಗುತ್ತದೆ ನನಗೆ.

ಅಂದಿನಿಂದ ನಾನು ನೆಮ್ಮದಿಯಾಗಿ ಕೆಲಸ ಮಾಡಿದ ದಿನವಿಲ್ಲ. ಆ ಹುಡುಗಿ ಯಾರಾದರೂ ಆಗಿರಲಿ, ಅವಳು ಅತ್ತದ್ದು ಯಾಕೆ? ನನಗೆ ಮುಂದೆ ಏನೋ ಕಾದಿದೆಯೇ? ಟಾರ್ಗೆಟ್ ಮುಟ್ಟದ ತಿಂಗಳು ಮೀಟಿಂಗಿನಲ್ಲಿ ಎಲ್ಲರೆದುರು ಬೈಸಿಕೊಂಡಾಗ, ಇದೇ ಇರಬೇಕು ಎಂದುಕೊಂಡೆ. ಮಂಚೇನಹಳ್ಳಿಯಲ್ಲಿ ಕೊನೆಯ ಬಸ್ಸು ತಪ್ಪಿದ ಸಂಜೆ, ನಿಶ್ಚಯವಾಗಿದ್ದ ಮದುವೆ ಊರೂರು ಸುತ್ತುವವಳು ಬೇಡ ಎಂದು ಮುರಿದುಬಿದ್ದಾಗ, ಅಪ್ಪ ಆಸ್ಪತ್ರೆಯಲ್ಲಿದ್ದ ವಾರ, ಪ್ರತಿ ಸಲವೂ ಇದೇ ಇರಬಹುದಾ ಎಂದು ಕೇಳಿಕೊಂಡೆ. ಕಣ್ಣು ತುಂಬಿ ಬಂದರೆ ಹಲ್ಲು ಕಚ್ಚಿ ತಡೆದುಕೊಂಡೆ. ಅತ್ತರೆ ಅವಳಾಗಿಬಿಡುತ್ತೇನೆ ಎಂಬ ಭಯ. ನಗಬೇಡಿ.

ಹೋದ ತಿಂಗಳು ಡಾಕ್ಟ್ರಮ್ಮ ಕ್ಲಿನಿಕ್ಕು ಮುಚ್ಚಿ ಗೌರಿಬಿದನೂರಿನಲ್ಲಿರುವ ತಂಗಿಯ ಮನೆಗೆ ಹೊರಟರು. ಮಾತಾಡಿಸಿ ಬರಲು ಹೋಗಿದ್ದೆ. ಎಂಟು ವರ್ಷ ಕೇಳದೆ ಉಳಿದದ್ದನ್ನು ಅವತ್ತು ಕೇಳಿಬಿಟ್ಟೆ. "ಮೇಡಂ, ನಾನು ನಿಮ್ಮ ಮುಂದೆ ಯಾವತ್ತಾದ್ರೂ ಅತ್ತಿದೀನಾ?"

"ನೀನಾ?" ಎಂದು ನಕ್ಕರು. "ಗಂಡು ಹುಡುಗ್ರೇ ಎಷ್ಟೋ ಜನ ಇಲ್ಲಿ ಕೂತು ಅತ್ತಿದಾರೆ. ನೀನು ಒಂದಿನಾನೂ ಇಲ್ಲ. ಒಂದ್ಸಲ ಅತ್ತಿದ್ರೂ ಆಗ್ತಿತ್ತು ಕಣಮ್ಮ, ನಾನು ಏನೂ ಅಂದ್ಕೋತಿರ್ಲಿಲ್ಲ" ಎಂದು ನನ್ನ ಕೆನ್ನೆ ತಟ್ಟಿದರು.

ಹಾಗಾದರೆ ಎಲ್ಲ ಮುಗಿಯಿತು, ಇನ್ನು ಹಗುರಾಗಿರಬಹುದು ಎಂದುಕೊಳ್ಳುತ್ತಾ ಬಸ್ ಸ್ಟ್ಯಾಂಡಿನವರೆಗೆ ನಡೆದೆ. ಹಗುರಾಗಲಿಲ್ಲ. ಅಂದು ನಡೆದದ್ದು ಏನೆಂದು ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಬಸ್ಸು ಹೊರಟ ಮೇಲೆ ಹೊಳೆದದ್ದು ಒಂದೇ. ಡಾಕ್ಟ್ರಮ್ಮ ಊರು ಬಿಟ್ಟರು. ಅಳುವ ಆ ದಿನ ನಿಜವಾಗಿ ಬಂದರೆ, ನಾನು ಯಾರ ಮುಂದೆ ಹೋಗಿ ಅಳಲಿ?