ತಂಪು ಸೋರದ ಕಿಟಕಿ

೨೦೦೬ರ ಮೇ ೯ರ ನನ್ನ ಡೈರಿಯಲ್ಲಿ ‘ಮೊದಲ ಮಳೆ’ ಎಂದಷ್ಟೇ ಇದೆ. ಅಂದು ಮಧ್ಯಾಹ್ನ ಮಳೆ ಬಂದಾಗ ಅತ್ತಿಗೆ ಶಿರಸಿಯ ಆಸ್ಪತ್ರೆಯೊಂದರಲ್ಲಿ ಮಲಗಿದ್ದಳು. ಡಾಕ್ಟರು ಆಸೆ ಬಿಟ್ಟಿದ್ದರು. ಎ.ಸಿ. ತಂಪು ಸೋರಿ ಕರೆಂಟು ದಂಡವಾಗಬಾರದೆಂದು ವಾರ್ಡಿನ ಕಿಟಕಿಗಳಿಗೆಲ್ಲ ಬೀಗ ಹಾಕಿದ್ದರು.

“ಮಳೆ ಬಂತನೇ? ಮಣ್ಣಿನ ವಾಸನೆಯೇ ಇಲ್ಲೆ,” ಎಂದಳು ಅತ್ತಿಗೆ.

ಒಂದು ಕಿಟಕಿ ತೆಗೆಯಲು ವಾರ್ಡಿನ ಮೇಲ್ವಿಚಾರಕನನ್ನು ಕೇಳಿದೆ.

“ತಂಪೆಲ್ಲ ಹೊರಗೆ ಹೋಗ್ತದೆ ಅಮ್ಮಾ.”

“ಮಳೆ ಶುರುವಾದಾಗಲೇ ಕರೆಂಟು ಹೋಯ್ತಲ್ಲ ತಮ್ಮಾ, ಯಾವ ತಂಪು?”

“ಕರೆಂಟು ಬಂದಮೇಲೆ ಮತ್ತೆ ತಂಪು ಮಾಡ್ಬೇಕಲ್ಲ? ಬೀಗ ತೆಗೆಯೋ ಹಾಗಿಲ್ಲ.”

ನಾನೇ ಅಂಗಳಕ್ಕಿಳಿದು ಒಂದು ಹಿಡಿ ಒದ್ದೆ ಮಣ್ಣು ತಂದು ಅವಳ ಮೂಗಿನ ಹತ್ತಿರ ಹಿಡಿದೆ.

“ಇದಕ್ಕೂ ಫಿನಾಯಿಲ್ ವಾಸನೆ!” ಎಂದು ನಕ್ಕಳು.

ಮರುದಿನ ಹೋಗಿಬಿಟ್ಟಳು. ಆಸ್ಪತ್ರೆಯ ಬಿಲ್ಲಿನಲ್ಲಿ ಆ ಮಧ್ಯಾಹ್ನದ ಎ.ಸಿ. ಖರ್ಚೂ ಸೇರಿತ್ತು. ಅದನ್ನೂ ಕಟ್ಟಿ ಬಂದೆ.