ಸೆಲ್ಲಿನ ಮೇಲೆ ಹಿಡಿದ ಮೂರು ಹಾಡು

ನಾನು ಹಾಡುವುದನ್ನು ಯಾರೂ ಕೊನೆಯ ಚರಣದವರೆಗೆ ಕೇಳಿದವರಿಲ್ಲ. ಶ್ರೀರಂಗಪಟ್ಟಣದಲ್ಲಿ ಅಣ್ಣನ ಮಗಳ ಮದುವೆಯ ದಿನ ಎರಡನೆಯ ಚರಣ ಎತ್ತಿಕೊಂಡಿದ್ದೆನಷ್ಟೆ. ಅಣ್ಣ ಚಪ್ಪರದ ಆ ತುದಿಯಿಂದಲೇ, "ಸಾಕು ನಿಲ್ಸ್ಲಾ, ಎಲೆ ಆಕ್ತಾವ್ರೆ" ಎಂದು ಕೂಗಿದ. ಎಲೆ ಹಾಕಿದ್ದು ಅದಾಗಿ ಅರ್ಧ ಗಂಟೆಯ ಮೇಲೆ. ಅಷ್ಟರಲ್ಲಿ ಉಳಿದ ಚರಣವನ್ನು ನಿಧಾನವಾಗಿ ಹಾಡಿ, ನೀರು ಕುಡಿದು, ಇನ್ನೊಮ್ಮೆ ಹಾಡಬಹುದಾಗಿತ್ತು. ಅಣ್ಣನಿಗೆ ಇದು ನೆನಪಿಲ್ಲವಂತೆ. ನನಗಿದೆ.

ತೊಂಬತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ನಾನು ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಹೇಮಗಿರಿಯ ಕಡೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದೆ. ಮದುವೆಯಾಗಿರಲಿಲ್ಲ, ಆ ಮಾತನ್ನು ಎತ್ತುವುದನ್ನೂ ನೆಂಟರು ಬಿಟ್ಟಿದ್ದರು. ಬಾಡಿಗೆಗೆ ಹಿಡಿದದ್ದು ಆಲೆಮನೆಯವರ ಒಂದು ಕೋಣೆ. ಹಿಂದಿನ ಗೋಡೆಯಾಚೆಗೇ ಅವರ ಕಬ್ಬಿನ ಗಾಣ, ಅದರ ಪಕ್ಕಕ್ಕೆ ಬೆಲ್ಲ ಕಾಯಿಸುವ ಕೊಪ್ಪರಿಗೆ. ಶಾಲೆಯಿಂದ ಬಂದು ಬಾಗಿಲು ಮುಚ್ಚಿದರೆ ಮರುದಿನ ಪ್ರಾರ್ಥನೆಯ ಹೊತ್ತಿನವರೆಗೆ ನನ್ನೊಡನೆ ಮಾತನಾಡುವವರು ಇರಲಿಲ್ಲ. ಆದ್ದರಿಂದ ಹಾಡುತ್ತಿದ್ದೆ.

ಪಾಂಡವಪುರದಲ್ಲಿ ಮೈಕು, ಶಾಮಿಯಾನ ಬಾಡಿಗೆಗೆ ಕೊಡುವವನೊಬ್ಬ ಆರ್ಕೆಸ್ಟ್ರಾ ನಡೆಸುತ್ತಿದ್ದ. ಹಳೆಯ ಸಿನಿಮಾ ಹಾಡುಗಳಿಗೆ ಅವನಿಗೊಂದು ಗಂಡುದನಿ ಬೇಕಾಗಿದೆಯೆಂದು ತಿಳಿದು ಹೋಗಿ ಕೇಳಿದೆ. ನನ್ನನ್ನು ಕೂರಿ ಎನ್ನದೆ, ಸುತ್ತುತ್ತಿದ್ದ ವೈರಿನಿಂದ ತಲೆಯೆತ್ತದೆ, "ಮೂರ್ ಆಡು ಕ್ಯಾಸೆಟ್ಗೆ ತುಂಬ್ಕೊಂಡ್ ಬನ್ನಿ ಸಾ, ಆಮೇಲ್ ನೋಡುವ" ಎಂದ. ಆ ಅಸಡ್ಡೆಯನ್ನು ಗಮನಿಸಿದೆ. ಆದರೂ ಬಸ್ಸಿನಲ್ಲಿ ಮರಳುವಾಗ ಸಂತೋಷವಾಗಿತ್ತು. ಅವನ ತಂಡಕ್ಕೆ ಸೇರಿದರೆ ಊರೂರಿನ ಜನ ಚಾಪೆ ಹಾಸಿಕೊಂಡು ಕುಳಿತು ನನ್ನ ಹಾಡನ್ನು ಪೂರ್ತಿ ಕೇಳುವರು. ನನಗೆ ಬೇಕಾಗಿದ್ದುದು ಅಷ್ಟೇ.

ನನ್ನಲ್ಲಿದ್ದ ಸಲಕರಣೆಯೆಂದರೆ ರೇಡಿಯೋ ಸೇರಿದ್ದ ಒಂದು ಟೇಪ್ ರೆಕಾರ್ಡರು, ಅಮ್ಮ ಬಿಟ್ಟುಹೋದ ಶ್ರುತಿಪೆಟ್ಟಿಗೆ. ಟೇಪಿನ ಮೈಕು ಅದರ ಹಣೆಯಲ್ಲಿದ್ದ ಸಣ್ಣದೊಂದು ತೂತು. ಸ್ಟೂಲಿನ ಮೇಲೆ ಕಂಬಳಿ ಮಡಿಸಿ ಹಾಕಿ ಟೇಪನ್ನಿಟ್ಟೆ. ಗೋಡೆಗೆ ತಾಗಿ ದನಿ ಮರಳದಂತೆ ಕಿಟಕಿಯಿಂದ ಬಾಗಿಲವರೆಗೆ ಜಮಖಾನ ಇಳಿಬಿಟ್ಟೆ. ಗಾಣದ ಮೋಟಾರಿನ ಸದ್ದೊಂದನ್ನು ತಡೆಯುವುದು ಮಾತ್ರ ನನ್ನಿಂದಾಗಲಿಲ್ಲ. ಭಾನುವಾರ ಒಂದರ್ಧ ಗಂಟೆ ನಿಲ್ಲಿಸುವಿರಾ ಎಂದು ಮನೆಯ ಯಜಮಾನನನ್ನು ಕೇಳಿದೆ.

"ಕಡ್ದಿರೋ ಕಬ್ಬು ಒಣಿಕ್ಕೊಂಡ್ರೆ ನಿಮ್ ಆಡ್ನಿಂದ ಆಲು ಬತ್ತದಾ ಮೇಷ್ಟ್ರೇ?" ಎಂದ ಅವನು. ಒಲೆಗೆ ಸೋಗೆ ತುಂಬುತ್ತಿದ್ದವರೆಲ್ಲ ನಕ್ಕರು. ಕಬ್ಬಿನ ರಸಕ್ಕೆ ನಮ್ಮ ಕಡೆ ಹಾಲೆಂದೇ ಹೆಸರು.

ಗಾಣ ತಾನಾಗಿ ನಿಲ್ಲುತ್ತಿದ್ದುದು ಕರೆಂಟು ಹೋದಾಗ. ಕರೆಂಟು ಹೋದರೆ ನನ್ನ ಟೇಪೂ ನಿಲ್ಲುತ್ತಿತ್ತು. ಹೀಗಾಗಿ ಸೆಲ್ಲು ಹಾಕಿದೆ. ಮಧ್ಯಾಹ್ನ ಕರೆಂಟು ಹೋಗಿ ಗಾಣ ಉಸಿರು ಬಿಟ್ಟೊಡನೆ ಎಡಗೈಯಲ್ಲಿ ಶ್ರುತಿಪೆಟ್ಟಿಗೆ ಒತ್ತುತ್ತ ಹಾಡುವುದು. ಕಾಗೆ ಕೂಗಿದರೆ, ಕಬ್ಬಿನ ಗಾಡಿಯ ಎತ್ತು ಗಂಟೆಯಾಡಿಸಿದರೆ, ಹಿಂದಕ್ಕೆ ಸುತ್ತಿ ಮತ್ತೆ ಮೊದಲಿನಿಂದ ಹಾಡುವುದು. ಹಾಡಿದ್ದಕ್ಕಿಂತ ಸುತ್ತಿದ್ದಕ್ಕೇ ಸೆಲ್ಲು ಹೆಚ್ಚು ಕರಗಿತು. ಎಲ್ಲರೂ ಮಾಡುವಂತೆ ಅವನ್ನು ಬಿಸಿಲಿಗಿಟ್ಟು ಮತ್ತೆ ಹಾಕಿದೆ. ಒಂದೊಂದು ಹಾಡು ಮುಗಿದ ಮಧ್ಯಾಹ್ನವೂ ಅದನ್ನು ಅಲ್ಲೇ ಹಾಕಿ ಕೇಳಿದೆ. ತುಂಬು ದನಿ, ನಿಂತ ಶ್ರುತಿ. ನನ್ನಲ್ಲಿ ತಪ್ಪು ಹುಡುಕುವವರಿಗೂ ಅದರಲ್ಲಿ ಏನೂ ಸಿಕ್ಕುತ್ತಿರಲಿಲ್ಲ.

ಪಾಂಡವಪುರದವನು ಅದನ್ನು ತನ್ನ ದೊಡ್ಡ ಸೆಟ್ಟಿಗೆ ಹಾಕಿದ. ಮೊದಲ ಹಾಡು ಯಾಕೋ ಆತುರದಲ್ಲಿತ್ತು. ಎರಡನೆಯದರಲ್ಲಿ ಯಾರೋ ಹೆಂಗಸು ಹಾಡುತ್ತಿದ್ದಳು. ಮೂರನೆಯದಕ್ಕೆ ಅವಳ ವಯಸ್ಸು ಇನ್ನೂ ಇಳಿಯಿತು. ಸ್ಪೀಕರು ಬಿಚ್ಚುತ್ತಿದ್ದವನೊಬ್ಬ, "ಅಣ್ಣೋ, ಮೇಷ್ಟ್ರು ಎಂಡ್ರು ಕೈಲಿ ಆಡ್ಸ್ಕೊಂಡ್ ಬಂದವ್ರೆ ಕಣಣ್ಣೋ!" ಎಂದ.

"ನನಗೆ ಹೆಂಡತಿಯಿಲ್ಲ" ಎಂದೆ.

ಆಗ ನಗು ಇನ್ನೂ ಜೋರಾಯಿತು. "ಓಗ್ಲಿ ಬುಡಿ ಸಾ, ಇಲ್ಲೇ ಒಂದ್ ಆಡ್ಬುಡಿ" ಎಂದ ಆರ್ಕೆಸ್ಟ್ರಾದ ಯಜಮಾನ, ಕಣ್ಣೊರೆಸಿಕೊಳ್ಳುತ್ತ. ಆ ನಗುವಿನ ನಡುವೆ ನಾನು ಬಾಯಿ ತೆರೆಯಬೇಕಿತ್ತೇ? ಕ್ಯಾಸೆಟ್ಟು ತನ್ನಿ ಎಂದವನು ಅವನು. ತೆಗೆದುಕೊಡೆಂದು ಕೈ ಚಾಚಿದೆ. "ಬೇಜಾರ್ ಮಾಡ್ಕಬೇಡಿ, ನಾಗಮಂಗಲದಿಂದ ಒಬ್ರು ಬತ್ತಾವ್ರೆ, ಅವ್ರಿಗೇ ಏಳ್ಬುಟ್ಟಿವ್ನಿ" ಎಂದ. ಮೊದಲೇ ಹೇಳಿಬಿಟ್ಟಿದ್ದವನು ನನ್ನನ್ನೇಕೆ ಹಾಡೆಂದ?

ಆದದ್ದೇನೆಂದು ಬಸ್ಸು ಇಳಿಯುವಷ್ಟರಲ್ಲಿ ಹೊಳೆದಿತ್ತು. ಸೋತ ಸೆಲ್ಲಿನಲ್ಲಿ ಟೇಪು ನಿಧಾನವಾಗಿ ತಿರುಗುತ್ತದೆ. ನಾನು ಹಾಡನ್ನು ಹಿಡಿದದ್ದೂ ಆ ನಿಧಾನದಲ್ಲೇ, ಕೇಳಿದ್ದೂ ಆ ನಿಧಾನದಲ್ಲೇ. ಅದಕ್ಕೇ ನನ್ನ ಕಿವಿಗೆ ಎಲ್ಲ ಸರಿಯಾಗಿತ್ತು. ಪೂರ್ತಿ ಕರೆಂಟಿಗೆ ಹಾಕಿದಾಗ ಹಾಡು ಓಡಿತು, ದನಿ ಏರಿತು, ಶ್ರುತಿಯೂ ಜೊತೆಗೇ ಏರಿತು. ಕೆ.ಆರ್. ಪೇಟೆಯಲ್ಲಿ ಹೊಸ ಸೆಲ್ಲು ಕೊಂಡೆ. ಕೋಣೆಗೆ ಬಂದು, ದೀಪ ಹಚ್ಚುವ ಹೊತ್ತಿಗೆ, ಕರೆಂಟು ಹೋಗಿ ಗಾಣ ನಿಂತೊಡನೆ ಅವನ್ನು ಹಾಕಿ ಗುಂಡಿ ಒತ್ತಿದೆ.

ನಾನರಿಯದ ಒಬ್ಬಾಕೆ ನನ್ನ ಮೆಚ್ಚಿನ ಹಾಡುಗಳನ್ನು ಹಾಡತೊಡಗಿದಳು. ನಾನು ಉಸಿರು ಎಳೆದುಕೊಳ್ಳುವಲ್ಲೇ ಅವಳೂ ಎಳೆದುಕೊಳ್ಳುತ್ತಿದ್ದಳು. ನಿಲ್ಲಿಸಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಅಣ್ಣನಂತೆ ಮಾಡುವವನು ನಾನಲ್ಲ. ಕೊನೆಯ ಚರಣದವರೆಗೆ ಕುಳಿತು ಕೇಳಿದೆ.

ಮರುದಿನ ಬೆಳಿಗ್ಗೆ ಆಲೆಮನೆಯ ಯಜಮಾನಿ ಬಾಗಿಲಲ್ಲಿ ನಿಂತಿದ್ದಳು. ಹೊಸ ಬೆಲ್ಲ ಇಳಿಸಿದ ದಿನ ನನಗೊಂದು ಅಚ್ಚು ಕೊಡುವುದು ಅವರ ಮನೆಯ ಪದ್ಧತಿ. ಆ ದಿನ ಎಲೆಯಲ್ಲಿ ಎರಡಿದ್ದವು.

"ನೆಂಟ್ರು ಬಂದವ್ರಾ ಮೇಷ್ಟ್ರೇ? ಎಣ್ಮಗ ಏನ್ ಚೆಂದಾಗ್ ಆಡ್ತು! ಕೆಲ್ಸ ಬುಟ್ಟು ಗ್ವಾಡೆ ತಾವ್ಲೇ ನಿಂತ್ಕಂಡಿದ್ದೆ, ಮುಗಿಯಗಂಟ. ದಿನಾ ನೀವೂ ಆಡ್ತೀರಿ, ಆಡು ಅಂದ್ರೆ ಅದು ಕಣ್ ಮೇಷ್ಟ್ರೇ. ತಕಳಿ, ಒಂದ್ ನಿಮ್ಗೆ, ಒಂದ್ ಅವ್ರ್ಗೆ."

ಅಷ್ಟು ವರ್ಷ ಅದೇ ಗೋಡೆಯಾಚೆ ನನ್ನ ದನಿ ಕೇಳಿದವಳು ಆಡಿದ ಈ ಮಾತನ್ನೂ ನಾನು ಮರೆತಿಲ್ಲ. ಬಾಯಿಗೆ ಬಂದ ಉತ್ತರ ಖಾರವಾದದ್ದೇ ಆಗಿತ್ತು. ಅವಳು ಕತ್ತು ಚಾಚಿ ನನ್ನ ಭುಜದ ಮೇಲಿಂದ ಒಳಗೆ ಇಣುಕಿದಳು. ಒಳಗೆ ಸ್ಟೂಲು, ಕಂಬಳಿ, ಟೇಪು.

"ಬೆಳಗಿನ ಬಸ್ಸಿಗೆ ಹೊರಟುಹೋದರು" ಎಂದೆ.

"ಅಯ್ಯೋ, ತಡೀಬಾರ್ದಾಗಿತ್ತಾ?" ಎಂದಳು, ಕೊಟ್ಟಿದ್ದನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನನ್ನ ಪಾಲಿನ ಅಚ್ಚನ್ನು ಆ ವಾರವೇ ಕಾಫಿಗೆ ಹಾಕಿ ಮುಗಿಸಿದೆ. ಇನ್ನೊಂದು ಅಚ್ಚು ಗೂಡಿನಲ್ಲಿ ಕ್ಯಾಸೆಟ್ಟಿನ ಪಕ್ಕದಲ್ಲೇ ಇತ್ತು, ಮಳೆಗಾಲದ ತೇವಕ್ಕೆ ಕರಗಿ ಗೋಡೆಯ ಸುಣ್ಣಕ್ಕೆ ಇಳಿಯುವವರೆಗೆ.