ಕರೆಂಟ್ ಹೋದಾಗ ಹಿಡಿದ ಕೋಟೆ

ಮೊಬೈಲಿನ ಕೋಟೆ ಆಟದಲ್ಲಿ ನಮ್ಮ ಬೀದಿಯ ಹದಿನೆಂಟು ಜನರದು ಒಂದು ಗುಂಪು. ಎಲ್ಲರೂ ದೊಡ್ಡಬಳ್ಳಾಪುರದಲ್ಲಿ ಸೀರೆ ನೇಯುವವರೇ. ಗುಂಪು ಕಟ್ಟಿದವಳು ನಾನು. ನಡುಕೋಟೆ ಹಿಡಿದು ಕೂತಿದ್ದ ಎದುರಾಳಿ ಗುಂಪಿನಲ್ಲಿ ನೂರು ಜನ, ಯಾವ ಯಾವ ಊರಿನವರೋ. "ನಮ್ಮಲ್ಲೇ ಸೇರ್ಕೊಳ್ಳಿ" ಎಂದು ಕರೆಯುತ್ತಲೇ ಇದ್ದರು. ನನ್ನ ವಾರಗಿತ್ತಿಯ ಮನಸ್ಸು ಅತ್ತ ವಾಲಿತ್ತು.

"ಮಂಗಳವಾರ ಕೋಟೆ ಸಿಗ್ಲಿಲ್ಲ ಅಂದ್ರೆ ನಾನು ಆ ಕಡೆ ಹೋಗ್ತೀನಿ ಕಣಕ್ಕ. ನನ್ ಹಿಂದೆ ಇನ್ನೂ ಆರು ಜನ ಬರ್ತಾರೆ," ಎಂದಳು ಅವರೆಕಾಯಿ ಬಿಡಿಸುತ್ತಾ.

"ಹೋಗು. ಆ ನೂರು ಜನದಲ್ಲಿ ಊಟ ಆಯ್ತಾ ಅಂತ ಕೇಳೋರೂ ಇರಲ್ಲ," ಎಂದೆ. ಒಳಗೆ ಮಾತ್ರ ಹೆದರಿಕೆ. ಏಳು ಜನ ಹೋದರೆ ಗುಂಪು ಮುಗಿದಂತೆ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಕರೆಂಟ್ ತೆಗೆಯುತ್ತಾರೆಂದು ಸುದ್ದಿಯಿತ್ತು. ಕರೆಂಟಿನ ಮಗ್ಗ ಓಡುವಾಗ ನಾವು ಫೋನ್ ಮುಟ್ಟುವುದಿಲ್ಲ, ಎಳೆ ಕಡಿದರೆ ನೋಡಬೇಕಲ್ಲ. ಕರೆಂಟ್ ಹೋದರೆ ಬೀದಿಗೆ ಬೀದಿಯೇ ಒಟ್ಟಿಗೆ ಬಿಡುವು. ಆಟದ ಕಟ್ಟಳೆಯಂತೆ ದಾಳಿಗೆ ಕರೆ ಕೊಟ್ಟ ಐದು ನಿಮಿಷದೊಳಗೆ ಸೇರಿದ ಸೈನ್ಯವಷ್ಟೇ ಲೆಕ್ಕ, ಒಬ್ಬೊಬ್ಬರದು ಒಂದೊಂದು. ಆ ಹೊತ್ತಿನಲ್ಲಿ ಅವರ ನೂರು ಜನರಲ್ಲಿ ಎಚ್ಚರವಾಗಿ ಕೋಟೆ ಕಾಯುವವರು ಏಳೆಂಟು ಮಂದಿ. ವಾರವೆಲ್ಲ ನೋಡಿ ಬರೆದಿಟ್ಟಿದ್ದೆ.

ಹತ್ತೂ ಐದಕ್ಕೆ ಮಗ್ಗಗಳ ಸದ್ದು ನಿಂತಿತು. ಎಲ್ಲರೂ ಫೋನ್ ಹಿಡಿದು ಹೊರಗೆ ಬಂದರು. ನಾನು ದಾಳಿಗೆ ಕರೆ ಕೊಟ್ಟೆ. ಹನ್ನೊಂದು ಸೈನ್ಯ ಸೇರಿದವು. ವಾರಗಿತ್ತಿಯದು ಇನ್ನೂ ಬಂದಿರಲಿಲ್ಲ.

ಆಗ ಕರೆಂಟ್ ಬಂದುಬಿಟ್ಟಿತು. ಯಾರೂ ಸ್ವಿಚ್ ಆರಿಸಿರಲಿಲ್ಲ! ಮಗ್ಗಗಳು ತಾವೇ ಓಡತೊಡಗಿದವು. ಎಷ್ಟೋ ವರ್ಷದ ಅಭ್ಯಾಸ, ಎಲ್ಲರೂ ಒಳಗೆ ಓಡಿದರು. ವಾರಗಿತ್ತಿಯೂ ಓಡಿದಳು. ಬೀದಿಯಲ್ಲಿ ನಾನೊಬ್ಬಳೇ. ಪರದೆಯ ಮೇಲೆ ಎರಡು ನಿಮಿಷ ಉಳಿದಿತ್ತು.

ಪಕ್ಕದಲ್ಲೇ ಇರುವ ವಾರಗಿತ್ತಿಯ ಮನೆಯ ಮಗ್ಗ ತಟ್ಟನೆ ನಿಂತಿತು. ಅವಳು ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು.

"ಲೇ, ಮಗ್ಗ ಆರ್ಸಿ ಬನ್ರೋ! ಸೀರೆ ಎಲ್ಲಿಗೂ ಓಡೋಗಲ್ಲ, ಕೋಟೆ ಓಡೋಗ್ತದೆ," ಎಂದು ಕೂಗುತ್ತಾ ತನ್ನ ಸೈನ್ಯ ಬಿಟ್ಟಳು.

ಒಂದೊಂದೇ ಮಗ್ಗ ನಿಂತಿತು. ಪರದೆಯ ಮೇಲೆ ಸೈನ್ಯ ಹದಿಮೂರು, ಹದಿನಾರು, ಹದಿನೆಂಟು. ಕೋಟೆಯ ಮೇಲಿನ ಎದುರಾಳಿಗಳ ಬಾವುಟ ಉರುಳಿ ನಮ್ಮದು ಏರಿದಾಗ ಎದುರುಮನೆಯ ಮುದುಕಪ್ಪ ಕುಣಿದೇಬಿಟ್ಟರು.

"ಅರ್ಧ ಗಂಟೇಲಿ ಅವ್ರು ವಾಪಸ್ ಬರ್ತಾರೆ ಕಣೇ. ಕಾಯೋರ್ಯಾರು?" ಎಂದೆ.

ವಾರಗಿತ್ತಿ ಫೋನ್ ಹಿಡಿದು ಜಗಲಿಯ ಮೇಲೆ ಕಾಲು ಚಾಚಿ ಕೂತಳು. "ನೀನು ಹೋಗಿ ನೇಯಿ ಹೋಗಕ್ಕ. ನಮ್ ಕೋಟೆ ನಾನ್ ಕಾಯ್ತೀನಿ."